ಎಂಜಿನ್ ಬದಲಾದ ಮೇಲೆ ಪವರ್ ಸ್ಟೇರಿಂಗ್ ಬಿಗಿ: ಪಂಪ್ ಆರಿಸುವುದು ಬಾಕ್ಸ್ ನೋಡಿ, ಎಂಜಿನ್ ನೋಡಿ ಅಲ್ಲ

ಪ್ರಶ್ನೆ (ರೋಣ ತಾಲೂಕಿನ ಓದುಗರಿಂದ): ನಮ್ಮಲ್ಲಿ 1996ರ ಮಹೀಂದ್ರ ಎಂಎಂ540 ಜೀಪು ಇದೆ. ಹೊಲಕ್ಕೆ ಹೋಗಿ ಬರಲಿಕ್ಕೆ, ಸುಗ್ಗಿಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಒಯ್ಯಲಿಕ್ಕೆ ಅದೇ ಆಧಾರ. ಹಿಂದಿನ ಮಾಲೀಕರು ಬೊಲೆರೊದ ಪವರ್ ಸ್ಟೇರಿಂಗ್ ಬಾಕ್ಸ್ (ಸ್ಟೇರಿಂಗ್ ತಿರುಗಿದ್ದನ್ನು ಚಕ್ರಗಳಿಗೆ ದಾಟಿಸುವ ಪೆಟ್ಟಿಗೆ), ಅದಕ್ಕೆ ಎಣ್ಣೆ ತಳ್ಳುವ ಪಂಪ್ ಎರಡನ್ನೂ ಕೂರಿಸಿದ್ದರು, ಒಂದೇ ಕೈಯಲ್ಲಿ ತಿರುಗುತ್ತಿತ್ತು. ಹಳೇ ಪ್ಯೂಜೋ ಎಂಜಿನ್ ಕೈಕೊಟ್ಟಿತು. ಅದನ್ನಿಳಿಸಿ, ಪವರ್ ಸ್ಟೇರಿಂಗ್ ಇಲ್ಲದ ಪಿಕಪ್‌ನಿಂದ ತೆಗೆದ 2.5 ಲೀಟರ್ ಡಿಐ ಟರ್ಬೊ ಎಂಜಿನ್ ಹಾಕಿಸಿದೆವು. ಹಳೇ ಪಂಪಿನ ಬ್ರಾಕೆಟ್ ಇದಕ್ಕೆ ಕೂಡಲಿಲ್ಲ. ಮಿಸ್ತ್ರಿ, ‘ಪಂಪ್ ಅಂದ್ರ ಪಂಪ್ ಗೌಡ್ರ, ಎಣ್ಣಿ ತಳ್ಳಿದ್ರ ಆತು’ ಎಂದು ಹುಬ್ಬಳ್ಳಿಯ ಗುಜರಿಯಿಂದ ಸಣ್ಣ ಪೆಟ್ರೋಲ್ ಕಾರಿನ ಪಂಪ್ ತಂದು ಕೂರಿಸಿದರು. ಅದಕ್ಕೆ ಲೇತ್‌ನಲ್ಲಿ 165 ಮಿ.ಮೀ. ಪುಲ್ಲಿ, ಹೋಸ್ ಕೂಡಿಸುವ ಹೊಸ ಯೂನಿಯನ್ ಮಾಡಿಸಿದರು. ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಐಡ್ಲಿಂಗ್ (ಎಕ್ಸಿಲರೇಟರ್ ಒತ್ತದಾಗಿನ ಓಟ) ನಿಮಿಷಕ್ಕೆ 750 ಸುತ್ತು. ಈಗ ನಿಂತಲ್ಲಿ ಬೇಗ ತಿರುಗಿಸಿದರೆ ಸ್ಟೇರಿಂಗ್ ನಡುವೆಯೇ ಹಿಡಿದುಕೊಳ್ಳುತ್ತದೆ, ಎಕ್ಸಿಲರೇಟರ್ ಕೊಟ್ಟರೆ ಬಿಡುತ್ತದೆ. ಹುಬ್ಬಳ್ಳಿ ರಸ್ತೆಯಲ್ಲಿ 70–80ರ ವೇಗದಲ್ಲಿ ಮಾತ್ರ ಅತಿ ಹಗುರ, ಗಾಡಿ ತೇಲಿದಂತಾಗುತ್ತದೆ. ಪಂಪ್ ಗುಂಯ್‌ಗುಡುತ್ತದೆ, ಅದರ ಎಣ್ಣೆ ಡಬ್ಬಿಯಲ್ಲಿ ನೊರೆ. ಪೂರ್ತಿ ತಿರುಗಿಸಿದರೆ ಬೆಲ್ಟ್ ಕಿರುಚುತ್ತದೆ. ಪ್ರೆಶರ್ ಹೋಸ್ ಟರ್ಬೊ ಪಕ್ಕದಲ್ಲೇ ಹಾದು ರಬ್ಬರ್ ಕಂದಿದೆ. ಹಳೇ ಪಂಪ್ ಮನೆಯಲ್ಲೇ ಬಿದ್ದಿದೆ. ಒಬ್ಬರು ಟಾಟಾ 407 ಲಾರಿಯ ದೊಡ್ಡ ಪಂಪ್ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಕಾರಿನ ಎಲೆಕ್ಟ್ರಿಕ್ ಸ್ಟೇರಿಂಗ್ ಎನ್ನುತ್ತಾರೆ. ಬಾಕ್ಸೇ ಕೆಟ್ಟಿದೆಯೇ? ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯುವುದಿದೆ, ಅಲ್ಲಿಯತನಕ ಹೀಗೇ ಓಡಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಓಡಿಸಬೇಡಿ. ಪೂರ್ತಿ ತಿರುಗಿಸಿದಾಗ ಆ ಹೋಸಿನೊಳಗೆ 60–70 ಬಾರ್‌ಗೂ ಮೇಲ್ಪಟ್ಟ ಒತ್ತಡ ಇರುತ್ತದೆ. ಕಂದಿದ ರಬ್ಬರ್ ಸೀಳಿದರೆ ಎಣ್ಣೆ ಸಣ್ಣ ಹನಿಯಾಗಿ ಕಾದ ಟರ್ಬೊ ಮೇಲೆ ಸಿಡಿಯುತ್ತದೆ, ಬೆಂಕಿ ಹತ್ತಬಹುದು. ಬೆಂಕಿ ಹತ್ತದಿದ್ದರೂ ತುಂಬಿದ ಗಾಡಿಯ ಸ್ಟೇರಿಂಗ್ ತಿರುವಿನ ನಡುವೆ ದಿಢೀರನೆ ಕಲ್ಲಿನಂತಾಗುತ್ತದೆ. ಹೋಸ್ ಬದಲಾಗುವವರೆಗೆ ಮೆಣಸಿನಕಾಯಿ ಬಾಡಿಗೆ ಗಾಡಿಯಲ್ಲೇ ಹೋಗಲಿ.

ಇನ್ನು ಉಳಿದದ್ದು. ನೀವು ಬರೆದ ನಾಲ್ಕು ತೊಂದರೆಗಳು, ಅಂದರೆ ಐಡ್ಲಿಂಗ್‌ನಲ್ಲಿ ಹಿಡಿಯುವುದು, ವೇಗದಲ್ಲಿ ತೇಲುವುದು, ನೊರೆ-ಸದ್ದು, ಬೆಲ್ಟಿನ ಕಿರುಚಾಟ, ಒಂದೇ ಕಾರಣದವಲ್ಲ. ಅದಕ್ಕೇ ‘ದೊಡ್ಡ ಪಂಪ್ ಹಾಕಿ’ ಎಂಬ ಒಂದೇ ಮದ್ದು ಇಲ್ಲಿ ನಡೆಯುವುದಿಲ್ಲ. ಬಾಕ್ಸ್ ಕೆಟ್ಟಿರುವ ಸಂಭವ ಕಡಿಮೆ. ಎಂಜಿನ್ ಇಳಿಸುವವರೆಗೂ ಚೆನ್ನಾಗಿದ್ದ ಬಾಕ್ಸ್ ಎಂಜಿನ್ ಬದಲಾದ ವಾರದಲ್ಲೇ ಸವೆದುಹೋಗುವುದಿಲ್ಲ. ಆದರೂ ಅನುಮಾನ ಉಳಿಯಬಾರದು, ಅದನ್ನು ಗೇಜ್ ಹಾಕಿ ನೋಡುವ ಬಗೆಯನ್ನು ಮುಂದೆ ಹೇಳಿದ್ದೇನೆ.

‘ಪಂಪ್ ಅಂದ್ರ ಪಂಪ್’ ಎಂಬ ಮಾತನ್ನೇ ಮೊದಲು ನೋಡೋಣ. ಪಂಪಿಗೆ ಎರಡು ಗುಣ. ಒಂದು ಹರಿವು, ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ ತಳ್ಳುತ್ತದೆ ಎಂಬುದು. ಇನ್ನೊಂದು ಒತ್ತಡ, ಎಷ್ಟು ಬಾರ್‌ವರೆಗೆ ತಳ್ಳಿ ಆಮೇಲೆ ರಿಲೀಫ್ ವಾಲ್ವ್ ಬಿಡುತ್ತದೆ ಎಂಬುದು. ಹರಿವು ಕಡಿಮೆಯಾದರೆ ನಿಧಾನ ತಿರುಗಿಸಿದಾಗ ಹಗುರ, ಬೇಗ ತಿರುಗಿಸಿದಾಗ ಬಿಗಿ. ಒತ್ತಡ ಕಡಿಮೆಯಾದರೆ ನಿಧಾನ ತಿರುಗಿಸಿದರೂ ಬಿಗಿ, ಎಕ್ಸಿಲರೇಟರ್ ಕೊಟ್ಟರೂ ಅಷ್ಟೇ. ನಿಮ್ಮದು ಎಕ್ಸಿಲರೇಟರ್ ಕೊಟ್ಟೊಡನೆ ಬಿಡುತ್ತದೆ, ಹಾಗಾಗಿ ಮೊದಲ ಅನುಮಾನ ಹರಿವಿನ ಮೇಲೆ.

ಲೆಕ್ಕ ಹಾಕಿ ನೋಡಿ. ಈ ಜಾತಿಯ ಬಾಕ್ಸ್‌ನಲ್ಲಿ ಸ್ಟೇರಿಂಗ್ ಸ್ಕ್ರೂ ಮೇಲೆ ಸರಿಯುವ ಬಾಲ್ ನಟ್ಟೇ ಪಿಸ್ಟನ್. ಅದರ ವ್ಯಾಸ 70 ಮಿ.ಮೀ., ಸ್ಟೇರಿಂಗ್ ಒಂದು ಸುತ್ತು ತಿರುಗಿದರೆ ಅದು 12 ಮಿ.ಮೀ. ಸರಿಯುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಸುತ್ತಿಗೆ ತುಂಬಬೇಕಾದ ಎಣ್ಣೆ ಸುಮಾರು 46 ಸಿ.ಸಿ. ಗಾಡಿ ತಿರುವಿ ನಿಲ್ಲಿಸುವಾಗ ಕೈ ಸೆಕೆಂಡಿಗೆ ಒಂದೂವರೆ ಸುತ್ತು ತಿರುಗಿಸುತ್ತದೆ. ಅಂದರೆ ನಿಮಿಷಕ್ಕೆ 4.1 ಲೀಟರ್, ಬಾಕ್ಸಿನೊಳಗಿನ ಸಹಜ ಸೋರಿಕೆಗೆ ಇನ್ನೊಂದು ಲೀಟರ್. ಒಟ್ಟು 5 ಲೀಟರ್‌ಗಿಂತ ಮೇಲೆ ಬೇಕು. ಈಗ ಪಂಪಿನ ಕಡೆ ಬನ್ನಿ. ಕ್ರ್ಯಾಂಕ್ 150, ಪಂಪ್ 165, ಐಡ್ಲಿಂಗ್ 750. ಪಂಪ್ ತಿರುಗುವುದು 750 × 150 ÷ 165, ಅಂದರೆ ಸುಮಾರು 680 ಸುತ್ತು. ಸಣ್ಣ ಕಾರಿನ ಪಂಪ್ ಸುತ್ತಿಗೆ 7 ಸಿ.ಸಿ. ತಳ್ಳುತ್ತದೆ ಎಂದರೆ 4.8 ಲೀಟರ್, ಅದರಲ್ಲಿ 15 ಶೇಕಡ ಒಳಸೋರಿಕೆ ಕಳೆದರೆ ಕೈಗೆ ಸಿಗುವುದು 4 ಲೀಟರ್. ಬೇಕಾದದ್ದು ಐದು, ಬರುತ್ತಿರುವುದು ನಾಲ್ಕು. ಮುಂಚಿನ 6.00-16 ಟಯರ್ ಬದಲು ಈಗ ಅಗಲ ಟಯರ್ ಹಾಕಿಸಿದ್ದರೆ, ಅದೂ ಮಳೆ ಬಿದ್ದ ಎರಿ ಹೊಲದಲ್ಲಿ, ಈ ಕೊರತೆ ಇನ್ನೂ ಎದ್ದು ಕಾಣುತ್ತದೆ.

ಆ ಪಂಪ್ ಕೆಟ್ಟದ್ದೇನಲ್ಲ. ಪೆಟ್ರೋಲ್ ಎಂಜಿನ್ 5,000–6,000 ಆರ್‌ಪಿಎಂವರೆಗೆ ಏರುತ್ತದೆ, ಅದರ ಪಂಪ್ ಆ ಓಟಕ್ಕೆ, ಹಗುರ ಮುಂಭಾಗಕ್ಕೆ ಹೊಂದುವಂಥದ್ದು. ನಿಧಾನ ತಿರುಗುವ ಡೀಸೆಲ್ ಮೇಲೆ, ಅದೂ ದೊಡ್ಡ ಪುಲ್ಲಿ ಹಾಕಿ, ಬೊಲೆರೊ ಬಾಕ್ಸಿಗೆ ಜೋಡಿಸಿದರೆ ಹೊಟ್ಟೆ ತುಂಬುವುದಿಲ್ಲ.

ಲೆಕ್ಕ ಬೇಡ, ಅಳೆದೇ ನೋಡುತ್ತೇವೆ ಎಂದರೆ ದಾರಿ ಇದೆ. ಡಬ್ಬಿಗೆ ವಾಪಸ್ ಬರುವ ಹೋಸ್ ಬಿಚ್ಚಿ, ಡಬ್ಬಿಯ ಆ ಬಾಯಿಗೆ ಬಿರಡೆ ಹಾಕಿ, ಹೋಸನ್ನು ಅಳತೆಯ ಜಾರಿಗೆ ಬಿಡಿ. ಒಬ್ಬರು ಡಬ್ಬಿಗೆ ಎಣ್ಣೆ ಸುರಿಯುತ್ತಲೇ ಇರಬೇಕು. ಚಕ್ರ ನೇರ ಇಟ್ಟು ಐಡ್ಲಿಂಗ್‌ನಲ್ಲಿ ಬರೀ 5 ಸೆಕೆಂಡ್ ಓಡಿಸಿ. ಜಾರಿನಲ್ಲಿ 450 ಮಿ.ಲೀ. ಬಂದರೆ ನಿಮಿಷಕ್ಕೆ 5.4 ಲೀಟರ್. 350ಕ್ಕಿಂತ ಕಡಿಮೆ ಬಂದರೆ ಮೇಲಿನ ಲೆಕ್ಕ ನಿಜ. ಪಂಪ್ ಒಂದು ಕ್ಷಣವೂ ಒಣಗಬಾರದು, ಒಣಗಿದರೆ ಒಳಗಿನ ವೇನ್‌ಗಳು (ಎಣ್ಣೆ ತಳ್ಳುವ ಪಟ್ಟಿಗಳು) ಗೀರಿಹೋಗುತ್ತವೆ.

ಐಡ್ಲಿಂಗ್‌ನಲ್ಲಿ ಸಾಲದ ಪಂಪ್ ಹೆದ್ದಾರಿಯಲ್ಲಿ ಅತಿಯಾಗುವುದು ಹೇಗೆ? ಇಲ್ಲಿ ಲೇತ್‌ನಲ್ಲಿ ಮಾಡಿಸಿದ ಯೂನಿಯನ್ ನೋಡಬೇಕು. ಅನೇಕ ಪಂಪ್‌ಗಳಲ್ಲಿ ಎಣ್ಣೆ ಹೊರಬರುವ ಯೂನಿಯನ್ ಒಳಗೆ 3–4 ಮಿ.ಮೀ.ಯಷ್ಟು ಸಣ್ಣ ತೂತು ಇರುತ್ತದೆ. ಆ ತೂತಿನ ಆಚೆ ಈಚೆಯ ಒತ್ತಡದ ವ್ಯತ್ಯಾಸ ನೋಡಿಯೇ ಹಿಂದಿನ ಫ್ಲೋ ಕಂಟ್ರೋಲ್ ವಾಲ್ವ್ ತೆರೆದು, ಹೆಚ್ಚಾದ ಎಣ್ಣೆಯನ್ನು ಪಂಪಿನೊಳಕ್ಕೇ ತಿರುಗಿಸುತ್ತದೆ. ಲೇತ್‌ನವರಿಗೆ ಥ್ರೆಡ್ ಮಾತ್ರ ತೋರಿಸಿದರೆ ಅವರು ನೇರ 8 ಮಿ.ಮೀ. ತೂತು ಕೊರೆದು ಕೊಡುತ್ತಾರೆ. ವಾಲ್ವ್‌ಗೆ ಸುಳಿವೇ ಸಿಗುವುದಿಲ್ಲ. ಎಂಜಿನ್ 2,500ಕ್ಕೆ ಏರಿದಾಗ ಪಂಪ್ 2,270 ಸುತ್ತು, ಅಂದರೆ ಸುಮಾರು 15 ಲೀಟರ್ ಎಣ್ಣೆ ತಡೆಯಿಲ್ಲದೆ ಬಾಕ್ಸಿಗೆ ನುಗ್ಗುತ್ತದೆ. ಬೆರಳು ತಾಗಿಸಿದರೆ ಗಾಡಿ ವಾಲುತ್ತದೆ, ಎಣ್ಣೆಯೂ ಸುಡುವಷ್ಟು ಕಾಯುತ್ತದೆ. ಯೂನಿಯನ್ ಒಳಚಾಚು ಉದ್ದವಾದರೆ ಇನ್ನೂ ಅಪಾಯ: ವಾಲ್ವ್ ಅನ್ನೇ ಒತ್ತಿಹಿಡಿಯುತ್ತದೆ. ಕೆಲವು ಪಂಪ್‌ಗಳಲ್ಲಿ ರಿಲೀಫ್ ವಾಲ್ವೂ ಅದರೊಳಗೇ ಇರುವುದರಿಂದ ಒತ್ತಡಕ್ಕೆ ಮಿತಿಯೇ ಉಳಿಯುವುದಿಲ್ಲ. ಹಾಗಾಗಿ ಯಾವ ಪಂಪ್ ಇಟ್ಟುಕೊಂಡರೂ ಅದರ ಮೂಲ ಯೂನಿಯನ್ ಬಿಡಬೇಡಿ. ಥ್ರೆಡ್ ಹೊಂದಿಸಬೇಕಾದರೆ ಹೋಸಿನ ತುದಿಯಲ್ಲಿ ಹೊಂದಿಸಿ, ಪಂಪಿನ ಬಾಯಲ್ಲಿ ಅಲ್ಲ.

ನೊರೆ, ಗುಂಯ್ ಸದ್ದು ಎರಡೂ ಗಾಳಿಯ ಕೆಲಸ, ಮತ್ತು ಗಾಳಿ ಸೇರುವುದು ಹೆಚ್ಚಾಗಿ ಡಬ್ಬಿಯಿಂದ ಪಂಪಿಗೆ ಬರುವ ಹೋಸ್‌ನಲ್ಲಿ. ಎಂಜಿನ್ ಬದಲಾದಾಗ ಡಬ್ಬಿಗೆ ಜಾಗ ಸಿಗದೆ ದೂರ ಕೂರಿಸುತ್ತಾರೆ, ಸಿಕ್ಕ ಸಣ್ಣ ಹೋಸ್ ಎಳೆಯುತ್ತಾರೆ. ಇದರ ಒಳವ್ಯಾಸ 16ರಿಂದ 19 ಮಿ.ಮೀ. ಇರಲಿ, ಉದ್ದ ಆದಷ್ಟು ಕಡಿಮೆ, ಎಲ್ಲೂ ಮಡಿಕೆ ಬೇಡ. ಡಬ್ಬಿಯ ತಳ ಪಂಪಿಗಿಂತ ಎತ್ತರದಲ್ಲಿರಬೇಕು. ವಾಪಸ್ ಹೋಸ್ ಡಬ್ಬಿಯಲ್ಲಿ ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಬಾಯಿ ಬಿಡಬೇಕು, ಮೇಲಿಂದ ಸುರಿದರೆ ನೊರೆ ಏಳುತ್ತದೆ. ರೇಡಿಯೇಟರ್ ಹೋಸ್ ಖಂಡಿತ ಬೇಡ: ಅದು ನೀರಿನ ರಬ್ಬರ್, ಈ ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗಿ ಒಳಪದರ ಕಿತ್ತು ಬರುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ಹೋಸ್ ಎಂದೇ ಕೇಳಿ ತನ್ನಿ. ಪೇಂಟ್ ಡಬ್ಬಿಯಂತೆ ನೊರೆ ತುಂಬಿದ ಎಣ್ಣೆಯನ್ನು ಮತ್ತೆ ಬಳಸದೆ ಚೆಲ್ಲಿ.

ಬೆಲ್ಟ್ ಕಿರುಚುವುದು ಪೂರ್ತಿ ತಿರುಗಿಸಿದಾಗ ಮಾತ್ರ ಎಂದರೆ, ಪಂಪ್ ಗರಿಷ್ಠ ಒತ್ತಡಕ್ಕೆ ಏರಿದಾಗ ಬೆಲ್ಟ್ ಜಾರುತ್ತಿದೆ. ಪುಲ್ಲಿಯನ್ನು ಬೆಲ್ಟ್ ಮೂರನೇ ಒಂದು ಭಾಗವಾದರೂ ಸುತ್ತಿರಬೇಕು, ಅಂದರೆ 120 ಡಿಗ್ರಿ. ಕ್ರ್ಯಾಂಕ್, ಪಂಪ್ ಪುಲ್ಲಿಗಳ ಮುಖಕ್ಕೆ ನೇರಪಟ್ಟಿ ಹಿಡಿದು ನೋಡಿ, ಒಂದೂವರೆ ಮಿ.ಮೀ.ಗಿಂತ ಹೆಚ್ಚು ಓರೆ ಇರಬಾರದು. ವಿ-ಬೆಲ್ಟ್ ಗ್ರೂವ್‌ನ ತಳಕ್ಕೆ ತಾಗಿ ಕೂತಿದ್ದರೆ ಎಷ್ಟು ಬಿಗಿದರೂ ಜಾರುತ್ತದೆ. ಅದು ಗ್ರೂವ್‌ನ ಇಕ್ಕೆಲದ ಗೋಡೆ ಹಿಡಿದು ಕೂರಬೇಕು. ಲೇತ್‌ನಲ್ಲಿ ಮಾಡಿಸಿದ ಗ್ರೂವ್‌ಗಳಲ್ಲಿ ಈ ತಪ್ಪು ಬಹಳ. ಕ್ರ್ಯಾಂಕ್ ಪುಲ್ಲಿಗೆ ಹೆಚ್ಚಿನ ಗ್ರೂವ್ ವೆಲ್ಡ್ ಮಾಡಿ ಸೇರಿಸಿದ್ದರೆ ತೆಗೆಸಿಬಿಡಿ. ಸ್ವಲ್ಪ ಅಲುಗಾಟ ಇದ್ದರೂ ಮುಂದಿನ ಆಯಿಲ್ ಸೀಲ್ ಹೋಗುತ್ತದೆ, ಕ್ರ್ಯಾಂಕ್ ಮೂತಿಗೆ ಪೆಟ್ಟು ಬೀಳುತ್ತದೆ.

ಈಗ ದಾರಿಗಳು.

ನಾನು ಮೊದಲು ಹೇಳುವುದು ಮನೆಯಲ್ಲಿ ಬಿದ್ದಿರುವ ಹಳೇ ಪಂಪನ್ನೇ. ಬಾಕ್ಸಿಗೂ ಅದಕ್ಕೂ ಹೊಂದಾಣಿಕೆ ಆಗಲೇ ಸಾಬೀತಾಗಿದೆ, ಕೂಡದಿದ್ದದ್ದು ಬ್ರಾಕೆಟ್ ಮಾತ್ರ. ಬ್ರಾಕೆಟ್ ಮಾಡಿಸಬಹುದು, ಪಂಪಿನ ಗುಣ ಬದಲಿಸಲಾಗದು. ಹಳೇ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ, ಪಂಪ್ ಪುಲ್ಲಿ ಎರಡರ ವ್ಯಾಸ ಅಳೆದು ಆ ಅನುಪಾತವನ್ನೇ ಹೊಸದರಲ್ಲೂ ಉಳಿಸಿ. ಇದಕ್ಕಿಂತ ಚೊಕ್ಕ ಇನ್ನೊಂದಿದೆ: ಇದೇ ಎಂಜಿನ್ನಿನ ಪವರ್ ಸ್ಟೇರಿಂಗ್ ಮಾದರಿಗೆ ಬರುವ ಪಂಪ್, ಬ್ರಾಕೆಟ್, ಕ್ರ್ಯಾಂಕ್ ಪುಲ್ಲಿ ಮೂರನ್ನೂ ಒಂದೇ ಗಾಡಿಯಿಂದ ಸೆಟ್ಟಾಗಿ ತರುವುದು. ಬಿಡಿಬಿಡಿಯಾಗಿ ತಂದರೆ ಮಾದರಿಯಿಂದ ಮಾದರಿಗೆ ಬೆಲ್ಟಿನ ಜಾತಿ ಬದಲಾಗಿರುತ್ತದೆ, ಸಾಲು ಕೂಡುವುದಿಲ್ಲ. ಜೀಪಿನ ಚೆಸ್ಸಿಗೆ ಆ ಜಾಗ ಹೊಂದುತ್ತದೆಯೇ ಎಂದು ಮೊದಲೇ ಇಟ್ಟು ನೋಡಿ ದುಡ್ಡು ಕೊಡಿ.

ಈಗಿನ ಪೆಟ್ರೋಲ್ ಪಂಪನ್ನೇ ಉಳಿಸಿಕೊಳ್ಳುವುದು ಎರಡನೇ ದಾರಿ. ಪುಲ್ಲಿಯನ್ನು 165ರಿಂದ 125 ಮಿ.ಮೀ.ಗೆ ಇಳಿಸಿದರೆ ಐಡ್ಲಿಂಗ್‌ನಲ್ಲಿ ಪಂಪ್ 900 ಸುತ್ತು ತಿರುಗಿ, ಸೋರಿಕೆ ಕಳೆದು ಸುಮಾರು 5.3 ಲೀಟರ್ ಕೊಡುತ್ತದೆ. ಎಂಜಿನ್ 3,600ಕ್ಕೆ ಹೋದರೂ ಪಂಪ್ 4,320 ದಾಟುವುದಿಲ್ಲ, ಅದಕ್ಕೆ ಅದು ಭಾರವಲ್ಲ. ಮೂಲ ಯೂನಿಯನ್ ಹುಡುಕಿ ಹಾಕಿದರೆ ತೇಲಾಟವೂ ನಿಲ್ಲುತ್ತದೆ. ಆದರೆ ಸಣ್ಣ ಪುಲ್ಲಿಯಲ್ಲಿ ಬೆಲ್ಟ್ ಜಾರುವ ಸಂಭವ ಹೆಚ್ಚು. ಮತ್ತೆ ಆ ಪಂಪಿನ ಒತ್ತಡದ ಮಿತಿ ಈ ಬಾಕ್ಸಿಗೆ ಸಾಲದೆ ಹೋದರೆ, ತುಂಬಿದ ಗಾಡಿ ನಿಂತಲ್ಲಿ ತಿರುಗಿಸುವಾಗ ಬಿಗಿ ಉಳಿದೇ ಉಳಿಯುತ್ತದೆ. ಖರ್ಚು ಕಡಿಮೆ, ಭರವಸೆಯೂ ಕಡಿಮೆ.

407ರ ಪಂಪ್ ಬೇಡ. ಅದು ಭಾರದ ಗಾಡಿಯ ಹರಿವು-ಒತ್ತಡಕ್ಕೆ ಮಾಡಿದ್ದು. ನಿಮ್ಮ ಬಾಕ್ಸ್ ಮೇಲಿನ ಪ್ಲೇಟ್‌ನಲ್ಲಿ ಗರಿಷ್ಠ ಒತ್ತಡ ಕೊರೆದಿದ್ದರೆ ಅದೇ ಮಿತಿ. ಅದನ್ನು ಮೀರಿದರೆ ಮೊದಲು ಸೀಲ್, ಆಮೇಲೆ ಹೋಸ್, ಕೊನೆಗೆ ಡ್ರ್ಯಾಗ್ ಲಿಂಕ್ (ಬಾಕ್ಸಿನಿಂದ ಚಕ್ರದ ಕಡೆಗೆ ಬಲ ಒಯ್ಯುವ ಸಲಾಕೆ), ಬಾಲ್ ಜಾಯಿಂಟ್‌ಗಳಿಗೆ ಪೆಟ್ಟು. ಚಕ್ರ ಕಲ್ಲಿಗೆ ಒತ್ತಿ ನಿಂತಿರುವಾಗ ಹಳೇ ಜೀಪಿನ ಲಿಂಕ್ ಅಷ್ಟು ಬಲ ತಾಳುವುದಿಲ್ಲ. ಕೆಲವರು ರಿಲೀಫ್ ವಾಲ್ವ್ ಸ್ಪ್ರಿಂಗ್ ಹಿಂದೆ ವಾಷರ್ ತುರುಕಿ ಒತ್ತಡ ಏರಿಸುತ್ತಾರೆ, ಅದೂ ಇದೇ ಅಪಾಯ.

ಎಲೆಕ್ಟ್ರಿಕ್ ಕಾಲಮ್ ಸ್ಟೇರಿಂಗ್ ಸಣ್ಣ ಕಾರಿನ ಹಗುರ ಮುಂಭಾಗಕ್ಕೆ ಮಾಡಿದ ಮೋಟರ್. ಅದಕ್ಕೆ ಗಾಡಿಯ ವೇಗ, ಎಂಜಿನ್ ಓಡುತ್ತಿರುವ ಸುದ್ದಿ ಎರಡೂ ಸಿಗಬೇಕು. ಸಿಗದಿದ್ದರೆ ಕೆಲವು ಕೆಲಸವನ್ನೇ ಮಾಡುವುದಿಲ್ಲ, ಕೆಲವು ಎಲ್ಲ ವೇಗದಲ್ಲೂ ಒಂದೇ ಬಲ ಕೊಡುತ್ತವೆ. ಭಾರ ಬಿದ್ದಾಗ 40–60 ಆಂಪಿಯರ್ ಎಳೆಯುತ್ತದೆ, ಜೀಪಿನ ಆಲ್ಟರ್ನೇಟರ್ ಅದಕ್ಕೆ ಸಾಲುವುದು ಕಷ್ಟ. ಮೇಲಾಗಿ ಇದನ್ನು ಕೂರಿಸಲು ಸ್ಟೇರಿಂಗ್ ಶಾಫ್ಟ್ ಕತ್ತರಿಸಿ ವೆಲ್ಡ್ ಮಾಡುತ್ತಾರೆ. ಆ ವೆಲ್ಡ್ ಬಿಟ್ಟರೆ ಕೈಯಲ್ಲಿ ಬರೀ ಚಕ್ರ ಉಳಿಯುತ್ತದೆ. ಬೇಡವೇ ಬೇಡ. ಪವರ್ ಇಲ್ಲದೆ ಓಡಿಸುತ್ತೇವೆ ಎಂದರೆ ಬೆಲ್ಟ್ ಬಿಚ್ಚಿ ಇದೇ ಬಾಕ್ಸ್ ಓಡಿಸದೆ, ಜೀಪಿನ ಮೂಲ ಮ್ಯಾನುಯಲ್ ಬಾಕ್ಸ್ ಹಾಕಿಸಿ.

ಬ್ರಾಕೆಟ್ ಬಗ್ಗೆ ಬಿಡಿಸಿ ಹೇಳಬೇಕು, ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ. 10 ಮಿ.ಮೀ. ಎಂಎಸ್ (ಮೆದು ಉಕ್ಕಿನ) ಪ್ಲೇಟ್ ಬಳಸಿ, 5–6 ಮಿ.ಮೀ. ಪಟ್ಟಿ ಬೆಲ್ಟ್ ಎಳೆತಕ್ಕೆ ಬಾಗುತ್ತದೆ. ಪಂಪ್ ಎಂಜಿನ್ ಬ್ಲಾಕ್‌ಗೇ ಕೂರಬೇಕು, ಚೆಸ್ಸಿಗಲ್ಲ, ಯಾಕೆಂದರೆ ಎಂಜಿನ್ ರಬ್ಬರ್ ಮೌಂಟ್ ಮೇಲೆ ಅಲುಗುತ್ತದೆ. ಕನಿಷ್ಠ ಮೂರು ಬೋಲ್ಟ್, ಅದರಲ್ಲಿ ಒಂದು ಪಂಪಿನ ಹಿಂಭಾಗ ಹಿಡಿಯಲಿ. ಮೊದಲು ರಟ್ಟಿನಲ್ಲಿ ಕತ್ತರಿಸಿ ಇಟ್ಟು ನೋಡಿ, ಪುಲ್ಲಿ ಸಾಲು ಸರಿಬಂದ ಮೇಲೆ ಪ್ಲೇಟ್ ಕೊರೆಯಿರಿ. ಪಂಪಿನ ಪುಲ್ಲಿ ಮುಂದಕ್ಕೇ ಮುಖ ಮಾಡಿರಬೇಕು. ಜಾಗ ಸಿಗಲಿಲ್ಲವೆಂದು ಹಿಂದುಮುಂದಾಗಿ ಕೂರಿಸಿದರೆ ಪಂಪ್ ಉಲ್ಟಾ ತಿರುಗುತ್ತದೆ, ವೇನ್ ಪಂಪ್ ಉಲ್ಟಾ ತಿರುಗಿ ಎಣ್ಣೆ ತಳ್ಳುವುದಿಲ್ಲ. ಒತ್ತಿ ಕೂರಿಸುವ ಪುಲ್ಲಿಯನ್ನು ಸುತ್ತಿಗೆಯಿಂದ ಬಡಿಯಬೇಡಿ, ಪುಲ್ಲರ್‌ನಿಂದ ತೆಗೆದು ಸ್ಕ್ರೂ ಟೂಲ್‌ನಿಂದ ಒತ್ತಿಸಿ. ಜಾಗ ಮಾಡಲು ಆಲ್ಟರ್ನೇಟರ್ ಸರಿಸುವಾಗ ಎಚ್ಚರ ಇರಲಿ: ಇಂಥ ಡೀಸೆಲ್‌ಗಳಲ್ಲಿ ಬ್ರೇಕ್ ಬೂಸ್ಟರ್‌ನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರ್ ಬೆನ್ನಿಗೇ ಇರುತ್ತದೆ, ಅದರ ಎಣ್ಣೆ ಪೈಪ್ ಮಡಿಚಿದರೆ ಬ್ರೇಕ್ ಪೆಡಲ್ಲೇ ಕಲ್ಲಿನಂತಾಗುತ್ತದೆ.

ಪ್ರೆಶರ್ ಹೋಸನ್ನು ಜೆಸಿಬಿ, ಟ್ರ್ಯಾಕ್ಟರ್ ಹೋಸ್ ಕ್ರಿಂಪ್ ಮಾಡುವ ಅಂಗಡಿಯಲ್ಲಿ ಮಾಡಿಸಿ. ಹುಬ್ಬಳ್ಳಿಯ ಗೋಕುಲ ರೋಡ್, ತಾರಿಹಾಳ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ಪವರ್ ಸ್ಟೇರಿಂಗ್ ಎಣ್ಣೆಗೂ ಆ ಶಾಖಕ್ಕೂ ತಡೆಯುವ ಹೋಸ್ ಬೇಕೆಂದು ಹೇಳಿ, ಹಳೆಯ ಎರಡೂ ತುದಿ ಒಯ್ದು ತೋರಿಸಿ. ಥ್ರೆಡ್ ವಿಷಯದಲ್ಲಿ ಕಣ್ಣಳತೆ ಸಾಲದು. ಎಂ16 × 1.5 ಮತ್ತು 5/8 ಇಂಚಿನ 18 ಥ್ರೆಡ್ ನೋಡಲು ಒಂದೇ ಥರ: ಒಂದು 16 ಮಿ.ಮೀ., ಇನ್ನೊಂದು 15.88. ಪಿಚ್ ಒಂದರದು 1.5, ಇನ್ನೊಂದರದು 1.41. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಹಿಡಿಯುತ್ತದೆ, ಅಲ್ಲಿ ಸ್ಪ್ಯಾನರ್ ಹಾಕಿ ಎಳೆದರೆ ಪಂಪಿನ ಬಾಯಿಯೇ ಹಾಳು. ಪಿಚ್ ಗೇಜ್ ಇಟ್ಟು ನೋಡಿ. ಕೋನ್ ಸೀಟ್‌ನಲ್ಲೂ 37 ಡಿಗ್ರಿ, 45 ಡಿಗ್ರಿ ಎರಡಿವೆ, ಬೆರೆಸಿದರೆ ಸೋರುವುದು ಖಚಿತ. ಸೋರುತ್ತದೆಂದು ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ಎಳೆ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹೋಸ್ ಟರ್ಬೊದಿಂದ ಕನಿಷ್ಠ 50 ಮಿ.ಮೀ. ದೂರ ಇರಲಿ, ನಡುವೆ ತಗಡಿನ ಮರೆ ಇರಲಿ. ಎಂಜಿನ್ನಿಂದ ಚೆಸ್ಸಿಗೆ ದಾಟುವ ಕಡೆ ರಬ್ಬರ್ ಹೋಸೇ ಇರಬೇಕು, ಪೂರಾ ಕಬ್ಬಿಣದ ಪೈಪ್ ಮಾಡಿದರೆ ಅಲುಗಾಟಕ್ಕೆ ಬಿರಿಯುತ್ತದೆ. ವಾಪಸ್ ಲೈನ್‌ನಲ್ಲಿ ರೇಡಿಯೇಟರ್ ಮುಂದೆ 10 ಮಿ.ಮೀ. ಸ್ಟೀಲ್ ಪೈಪಿನ ಒಂದು ಸುತ್ತು ಕೊಟ್ಟರೆ ನಮ್ಮ ಏಪ್ರಿಲ್-ಮೇ ಬಿಸಿಲಿಗೆ ಎಣ್ಣೆ ತಣ್ಣಗಿರುತ್ತದೆ.

ಬಾಕ್ಸ್ ಪರೀಕ್ಷೆ ಹೀಗೆ. ಪ್ರೆಶರ್ ಲೈನ್‌ನಲ್ಲಿ 0–200 ಬಾರ್ ಗೇಜ್, ಅದರ ಮುಂದೆ ಬಾಕ್ಸ್ ಕಡೆಗೆ ಒಂದು ವಾಲ್ವ್ ಹಾಕಿಸಿ. ಎಣ್ಣೆ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ವಾಲ್ವ್ ಮುಚ್ಚಿ, 5 ಸೆಕೆಂಡ್ ಮೀರದಂತೆ ಗೇಜ್ ಓದಿ ತೆರೆಯಿರಿ. ಅದು ಪಂಪಿನ ಒತ್ತಡ. ಆಮೇಲೆ ವಾಲ್ವ್ ತೆರೆದೇ ಇಟ್ಟು ಸ್ಟೇರಿಂಗ್ ಕೊನೆಯವರೆಗೆ ತಿರುಗಿಸಿ 5 ಸೆಕೆಂಡ್ ಹಿಡಿದು ಓದಿ. ಎರಡೂ ಹತ್ತಿರ ಹತ್ತಿರ ಬಂದರೆ ಬಾಕ್ಸ್ ಗಟ್ಟಿಯಿದೆ. ಎರಡನೆಯದು ಬಹಳ ಕಡಿಮೆಯಾದರೆ ಒಳ ಸೀಲ್ ಸೋರುತ್ತಿದೆ, ಸೀಲ್ ಕಿಟ್ ಹಾಕಿಸಬೇಕು.

‘ಪವರ್ ಸ್ಟೇರಿಂಗ್ ಹಾಕಿದರೆ ಎಂಜಿನ್ ದಮ್ಮು ಹೋಗುತ್ತದೆ, ಆವರೇಜ್ ಬೀಳುತ್ತದೆ’ ಎಂದು ಹೆದರಿಸುವವರೂ ಸಿಗುತ್ತಾರೆ. 90 ಬಾರ್‌ನಲ್ಲಿ 5.4 ಲೀಟರ್ ತಳ್ಳಲು ಬೇಕಾದದ್ದು ಸುಮಾರು 0.8 ಕಿಲೋವ್ಯಾಟ್, ಒಂದು ಎಚ್‌ಪಿಗಿಂತ ಚೂರು ಹೆಚ್ಚು, ಅದೂ ಪೂರ್ತಿ ತಿರುಗಿಸಿದ ಗಳಿಗೆಯಲ್ಲಿ. ನೇರ ಹೋಗುವಾಗ ಲೆಕ್ಕಕ್ಕಿಲ್ಲ.

ಕಾಗದದ ಮಾತು. ಎಂಜಿನ್ ಬದಲಾವಣೆ ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಅಡಿಯಲ್ಲಿ ಬರುತ್ತದೆ. ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಹ ಹೇಳಿದೆ. ಗದಗ ಆರ್‌ಟಿಒ ಕಚೇರಿಯಲ್ಲಿ ಎಂಜಿನ್ ಖರೀದಿಯ ರಸೀದಿ, ಆ ಪಿಕಪ್‌ನ ಕಾಗದ ತೋರಿಸಿ ವಿಚಾರಿಸಿ. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಏರದಿದ್ದರೆ ಅಪಘಾತವಾದಾಗ ವಿಮೆಯವರು ಮೊದಲು ಹಿಡಿಯುವುದೇ ಅದನ್ನು.

ಕೆಲಸ ಮುಗಿದ ಮೇಲೆ ಎಣ್ಣೆ ತುಂಬುವ ಕ್ರಮ. ಪಂಪ್ ಯಾವ ಎಣ್ಣೆ ಕೇಳುತ್ತದೋ ಅದನ್ನೇ ಹಾಕಿ, ಈ ಜಾತಿಯ ಬಹುತೇಕ ಪಂಪ್‌ಗಳಿಗೆ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ). ಹಸಿರು ಸಿಂಥೆಟಿಕ್ ಜೊತೆ ಬೆರೆಸಬೇಡಿ. ಬ್ರೇಕ್ ಆಯಿಲ್ ಒಂದು ಹನಿಯೂ ಬೇಡ, ಸೀಲ್‌ಗಳು ಉಬ್ಬಿ ಹೋಗುತ್ತವೆ. ಸುಮಾರು ಒಂದು ಲೀಟರ್ ಹಿಡಿಯುತ್ತದೆ, ಎರಡು ಇಟ್ಟುಕೊಳ್ಳಿ. ಮುಂದಿನ ಆಕ್ಸಲ್ ಜ್ಯಾಕ್ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಎಂಜಿನ್ ಚಾಲೂ ಮಾಡದೆ ಆ ತುದಿಯಿಂದ ಈ ತುದಿಗೆ ನಿಧಾನವಾಗಿ 15–20 ಸಲ ತಿರುಗಿಸಿ, ಡಬ್ಬಿ ಇಳಿದಂತೆ ತುಂಬುತ್ತಿರಿ. ಗುಳ್ಳೆ ನಿಂತ ಮೇಲಷ್ಟೇ ಚಾಲೂ ಮಾಡಿ, ಐಡ್ಲಿಂಗ್‌ನಲ್ಲಿ ಮತ್ತೆ ಹತ್ತು ಸಲ. ಕೊನೆಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಇದೇ ಹೊತ್ತಿನಲ್ಲಿ ಕೆಳಗೆ ಬಗ್ಗಿ ನೋಡಿ: ಚಕ್ರದ ಸ್ಟಾಪ್ ಬೋಲ್ಟ್ ಬಾಕ್ಸಿನ ಕೊನೆಗಿಂತ ಮುಂಚೆ ತಾಗಬೇಕು. ಡ್ರ್ಯಾಗ್ ಲಿಂಕ್ ಹೊಸ ಎಂಜಿನ್ನಿನ ಸಂಪ್‌ಗೆ (ತಳದ ಎಣ್ಣೆ ತೊಟ್ಟಿಗೆ) ಎಲ್ಲೂ ತಾಗಬಾರದು, ಸ್ಪ್ರಿಂಗ್ ಕುಸಿದು ಆಕ್ಸಲ್ ಮೇಲೆ ಬಂದಾಗಲೂ. ಮೊದಲು ಖಾಲಿ ಗಾಡಿಯನ್ನು ಊರೊಳಗೇ ಓಡಿಸಿ, ಎರಡು ದಿನ ಬಿಟ್ಟು ಬೆಲ್ಟ್ ಮತ್ತೆ ಬಿಗಿಸಿ. ಹೆಬ್ಬೆರಳಿನಿಂದ ಒತ್ತಿದರೆ 10–12 ಮಿ.ಮೀ. ಇಳಿಯಬೇಕು. 500 ಕಿ.ಮೀ. ಆದಾಗ ಬ್ರಾಕೆಟ್‌ನ ಬೋಲ್ಟ್, ಎಲ್ಲ ಯೂನಿಯನ್ ಒಮ್ಮೆ ನೋಡಿ, ಎಣ್ಣೆ ಕಪ್ಪಾಗಿದ್ದರೆ ಬದಲಿಸಿ. ಗುಜರಿ ಪಂಪ್ ಆಗಿದ್ದರೆ ಕಪ್ಪಾಗಿಯೇ ಇರುತ್ತದೆ.